ನಡುನೀರಿನಲ್ಲಿ ನಿಲ್ಲುವ ಆರ್‌ಸಿ ದೋಣಿ: ಬ್ಯಾಟರಿ ಮತ್ತು ಇಎಸ್‌ಸಿ ದೋಷ ಹುಡುಕುವ ಕ್ರಮ

ದಡದ ಮೇಲೆ ಆರ್‌ಸಿ (ರೇಡಿಯೋ ನಿಯಂತ್ರಿತ) ದೋಣಿಯಲ್ಲಿ ಎಲ್ಲವೂ ಸರಿಯಾಗಿಯೇ ಇರುತ್ತದೆ. ಬ್ಯಾಟರಿ ಜೋಡಿಸಿದರೆ ಬೀಪ್ ಬರುತ್ತದೆ, ಥ್ರಾಟಲ್ ಕೊಟ್ಟರೆ ಪ್ರೊಪೆಲ್ಲರ್ ತಿರುಗುತ್ತದೆ. ನೀರಿಗಿಳಿಸಿ ಎರಡು ನಿಮಿಷ ಓಡಿಸುವಷ್ಟರಲ್ಲಿ ದೋಣಿ ನಿಂತುಬಿಡುತ್ತದೆ. ಹೇಗೋ ದಡಕ್ಕೆ ತಂದು ಮಲ್ಟಿಮೀಟರ್ ಇಟ್ಟರೆ ಬ್ಯಾಟರಿ ವೋಲ್ಟೇಜ್ ಚೆನ್ನಾಗಿಯೇ ಕಾಣುತ್ತದೆ. ಹಾಗಾದರೆ ಇಎಸ್‌ಸಿ (ಬ್ಯಾಟರಿಯಿಂದ ಮೋಟಾರಿಗೆ ಹೋಗುವ ವಿದ್ಯುತ್ತನ್ನು ನಿಯಂತ್ರಿಸುವ ಎಲೆಕ್ಟ್ರಾನಿಕ್ ಸ್ಪೀಡ್ ಕಂಟ್ರೋಲರ್) ಕೆಟ್ಟಿರಬೇಕು ಎಂದುಕೊಂಡು ಹೊಸದನ್ನು ಹಾಕುತ್ತಾರೆ. ಹೊಸದೂ ಅದೇ ಜಾಗದಲ್ಲಿ ನಿಲ್ಲುತ್ತದೆ, ಇಲ್ಲವೇ ಹೊಗೆಯಾಡುತ್ತದೆ.

ಹೆಚ್ಚಿನವರು ಎಡವುವುದು ಎರಡೇ ಕಡೆ. ಹೊರೆಯಿಲ್ಲದಾಗ ಅಳೆದ ವೋಲ್ಟೇಜನ್ನು ನಂಬುವುದು ಒಂದು. ಇಎಸ್‌ಸಿ ಸುಡಲು ಕಾರಣವಾದದ್ದನ್ನು ದೋಣಿಯಲ್ಲೇ ಉಳಿಸಿಕೊಂಡು ಇಎಸ್‌ಸಿಯನ್ನು ಮಾತ್ರ ಬದಲಿಸುವುದು ಇನ್ನೊಂದು. ಆದ್ದರಿಂದ ಕೆಳಗಿನ ಕ್ರಮವನ್ನು ಹಿಂದುಮುಂದು ಮಾಡಬೇಡಿ: ಮೊದಲು ಲಕ್ಷಣ, ನಂತರ ಬ್ಯಾಟರಿ, ಜೋಡಣೆ, ಸೆಟ್ಟಿಂಗ್, ತಂಪು, ಪ್ರೊಪೆಲ್ಲರ್ ಹೊರೆ, ರಿಸೀವರ್‌ಗೆ (ಟ್ರಾನ್ಸ್‌ಮಿಟರಿನ ಸಿಗ್ನಲ್ ಹಿಡಿಯುವ ಸಾಧನ) ವಿದ್ಯುತ್ ಪೂರೈಕೆ, ಇಎಸ್‌ಸಿಯ ಸರದಿ ಕೊನೆಗೆ. ಒಂದು ಸಲಕ್ಕೆ ಒಂದನ್ನೇ ಬದಲಿಸಿ. ಎರಡನ್ನು ಒಟ್ಟಿಗೆ ಬದಲಿಸಿದರೆ ದೋಣಿ ಸರಿಹೋದರೂ ದೋಷ ಎಲ್ಲಿತ್ತೆಂದು ತಿಳಿಯುವುದಿಲ್ಲ, ಮುಂದಿನ ವಾರ ಅದೇ ತೊಂದರೆ ಬಂದಾಗ ಮತ್ತೆ ಮೊದಲಿನಿಂದ ಹುಡುಕಬೇಕಾಗುತ್ತದೆ.

## ಬೇಕಾಗುವ ಸಲಕರಣೆ

ಮಲ್ಟಿಮೀಟರ್, ಬ್ಯಾಟರಿಯ ಬ್ಯಾಲೆನ್ಸ್ ಪ್ಲಗ್‌ಗೆ (ಪ್ರತಿ ಸೆಲ್‌ನಿಂದ ತಂತಿ ಬರುವ ಸಣ್ಣ ಪ್ಲಗ್) ಹಾಕುವ ಸೆಲ್ ಚೆಕರ್, ಸೆಲ್‌ಗಳ ಆಂತರಿಕ ರೋಧ ತೋರಿಸುವ ಬ್ಯಾಲೆನ್ಸ್ ಚಾರ್ಜರ್, ಬ್ಯಾಟರಿ ಮತ್ತು ಇಎಸ್‌ಸಿ ನಡುವೆ ಹಾಕುವ ವಾಟ್‌ಮೀಟರ್, ದೂರದಿಂದಲೇ ಬಿಸಿ ಅಳೆಯುವ ಇನ್‌ಫ್ರಾರೆಡ್ ಥರ್ಮಾಮೀಟರ್, ಕನಿಷ್ಠ 60 ವಾಟ್‌ನ ಸಾಲ್ಡರಿಂಗ್ ಐರನ್, 90 ಶೇಕಡಕ್ಕಿಂತ ಹೆಚ್ಚು ಶುದ್ಧತೆಯ ಐಸೊಪ್ರೊಪೈಲ್ ಆಲ್ಕೊಹಾಲ್, ಹಳೆಯ ಹಲ್ಲುಜ್ಜುವ ಬ್ರಷ್. ನಿಮ್ಮ ಇಎಸ್‌ಸಿಗೆ ಪ್ರೋಗ್ರಾಂ ಕಾರ್ಡ್ ಸಿಗುವುದಾದರೆ ಅದೂ ಇರಲಿ. ಬೀಪ್ ಎಣಿಸಿ ಸೆಟ್ಟಿಂಗ್ ಮಾಡುವಾಗ ಆಗುವ ತಪ್ಪುಗಳು ಇದರಿಂದ ತಪ್ಪುತ್ತವೆ.

ಇವುಗಳಲ್ಲಿ ಒಂದನ್ನೇ ಕೊಳ್ಳಲು ಸಾಧ್ಯ ಎನ್ನುವುದಾದರೆ ವಾಟ್‌ಮೀಟರ್ ಕೊಳ್ಳಿ. ಹೊರೆ ಬಿದ್ದಾಗ ವೋಲ್ಟೇಜ್ ಎಷ್ಟಕ್ಕೆ ಇಳಿಯಿತು, ಆಂಪ್ ಎಷ್ಟಕ್ಕೆ ಏರಿತು ಎಂಬ ಎರಡೂ ಲೆಕ್ಕ ಅದರಲ್ಲಿ ಉಳಿದಿರುತ್ತವೆ.

ಮೇಜಿನ ಮೇಲೆ ಪರೀಕ್ಷಿಸುವಾಗಲೆಲ್ಲ ಪ್ರೊಪೆಲ್ಲರ್ ತೆಗೆದಿಡಿ. ಹೊರೆಯಿಲ್ಲದ ಬ್ರಷ್‌ಲೆಸ್ (ಒಳಗೆ ಉಜ್ಜುವ ಬ್ರಷ್ ಇಲ್ಲದ, ಮೂರು ತಂತಿಯ) ಮೋಟಾರ್ ಕ್ಷಣದಲ್ಲೇ ಹತ್ತಾರು ಸಾವಿರ ಸುತ್ತು ಮುಟ್ಟುತ್ತದೆ, ಚೂಪು ಮಾಡಿದ ಲೋಹದ ಪ್ರೊಪೆಲ್ಲರ್ ಬೆರಳನ್ನು ಕತ್ತರಿಸಬಲ್ಲದು. ಗ್ರೀಸ್ ಒಣಗಿದ ಶಾಫ್ಟನ್ನು ನೀರಿಲ್ಲದೆ ಎರಡು ಮೂರು ಸೆಕೆಂಡಿಗಿಂತ ಹೆಚ್ಚು ತಿರುಗಿಸಲೂಬೇಡಿ.

## ಹಂತ 1: ದೋಣಿ ನಿಂತ ಕ್ಷಣದಲ್ಲಿ ನೋಡಬೇಕಾದ್ದು

ದೋಣಿ ನಿಂತ ಕೂಡಲೇ ರಡ್ಡರ್ (ಚುಕ್ಕಾಣಿ) ಆಡಿಸಿ ನೋಡಿ. ಈ ಒಂದು ಪರೀಕ್ಷೆಯಿಂದ ಅರ್ಧ ಹುಡುಕಾಟ ಮುಗಿಯುತ್ತದೆ, ಅದಕ್ಕೆ ಯಾವ ಸಲಕರಣೆಯೂ ಬೇಕಿಲ್ಲ.

ರಡ್ಡರ್ ಆಡುತ್ತಿದೆ, ಮೋಟಾರ್ ಮಾತ್ರ ನಿಂತಿದೆ: ರಿಸೀವರ್‌ಗೆ ವಿದ್ಯುತ್ ಸಿಗುತ್ತಿದೆ ಎಂದಾಯಿತು. ಥ್ರಾಟಲನ್ನು ನ್ಯೂಟ್ರಲ್‌ಗೆ ತಂದು ಐದು ಸೆಕೆಂಡ್ ಬಿಟ್ಟು ನಿಧಾನವಾಗಿ ಕೊಡಿ. ಆಗಲೇ ಮೋಟಾರ್ ತಿರುಗಿದರೆ, ಪೂರ್ತಿ ಕೊಟ್ಟಾಗ ಮತ್ತೆ ನಿಂತರೆ, ಇಎಸ್‌ಸಿ ಕಡಿಮೆ ವೋಲ್ಟೇಜ್ ಕಂಡು ಮೋಟಾರ್ ನಿಲ್ಲಿಸುತ್ತಿದೆ. ಹಂತ 2ಕ್ಕೆ ಹೋಗಿ. ಕೆಲವು ನಿಮಿಷ ತಣಿದ ಮೇಲಷ್ಟೇ ತಿರುಗಿದರೆ ಅದು ಬಿಸಿಯ ಕಟಾಫ್, ಅಂದರೆ ಬಿಸಿ ಮಿತಿಮೀರಿ ಇಎಸ್‌ಸಿ ತಾನೇ ಮೋಟಾರ್ ನಿಲ್ಲಿಸಿದೆ. ಹಂತ 5 ಮತ್ತು 6ರಲ್ಲಿ ಕಾರಣ ಸಿಗುತ್ತದೆ.

ರಡ್ಡರ್ ಕೂಡ ಸತ್ತಿದೆ: ರಿಸೀವರ್‌ಗೆ ವಿದ್ಯುತ್ ಹೋಗಿದೆ ಅಥವಾ ಸಿಗ್ನಲ್ ಕಡಿದಿದೆ. ಹಂತ 3 ಮತ್ತು 7.

ಮೋಟಾರ್ ತಿರುಗದೆ ನಡುಗುತ್ತದೆ, ಗರಗರ ಎನ್ನುತ್ತದೆ: ಬ್ರಷ್‌ಲೆಸ್ ಮೋಟಾರಿನ ಮೂರು ತಂತಿಗಳಲ್ಲಿ ಒಂದು ಸರಿಯಾಗಿ ಕೂತಿಲ್ಲ, ಇಲ್ಲವೇ ಇಎಸ್‌ಸಿಯ ಒಂದು ಭಾಗ ಸುಟ್ಟಿದೆ. ಮತ್ತೆ ಮತ್ತೆ ಥ್ರಾಟಲ್ ಕೊಟ್ಟು ನೋಡಬೇಡಿ; ಉಳಿದ ಭಾಗವೂ ಸುಡುತ್ತದೆ.

ಬ್ಯಾಟರಿ ಜೋಡಿಸಿದರೆ ಬೀಪ್ ನಿಲ್ಲದೆ ಬರುತ್ತಿದೆ: ಹೆಚ್ಚಿನ ಸಲ ಅದು ಥ್ರಾಟಲ್ ನ್ಯೂಟ್ರಲ್‌ನಲ್ಲಿಲ್ಲ ಅಥವಾ ಸಿಗ್ನಲ್ ಇಲ್ಲ ಎಂಬ ಸೂಚನೆ. ಹಂತ 4.

## ಹಂತ 2: ಬ್ಯಾಟರಿಯನ್ನು ಹೊರೆಯ ಕೆಳಗೆ ಅಳೆಯಿರಿ

ಲಿಪೋ (ಲಿಥಿಯಂ ಪಾಲಿಮರ್) ಸೆಲ್ ಪೂರ್ತಿ ತುಂಬಿದಾಗ 4.2 ವೋಲ್ಟ್, ಅದರ ಮೇಲೆ ಬರೆಯುವ (ನಾಮಿನಲ್) ವೋಲ್ಟೇಜ್ 3.7, ಎತ್ತಿಡುವಾಗ ಇರಬೇಕಾದ್ದು 3.8. ಇದು ಎಲ್ಲರಿಗೂ ಗೊತ್ತು. ಹೊರೆ ಬಿದ್ದಾಗ ಏನಾಗುತ್ತದೆ ಎಂಬುದನ್ನೇ ಹೆಚ್ಚಿನವರು ನೋಡುವುದಿಲ್ಲ.

ಲೆಕ್ಕ ಹಾಕಿ ನೋಡೋಣ. 3ಎಸ್ ಪ್ಯಾಕ್ (ಸರಣಿಯಲ್ಲಿ ಮೂರು ಸೆಲ್), ಪ್ರತಿ ಸೆಲ್‌ನ ಆಂತರಿಕ ರೋಧ 5 ಮಿಲಿಓಮ್, ಒಟ್ಟು 15. ದೋಣಿ 60 ಆಂಪ್ ಎಳೆದರೆ ಬ್ಯಾಟರಿಯೊಳಗೇ 0.9 ವೋಲ್ಟ್ ಕಳೆದುಹೋಗುತ್ತದೆ: 12.6 ಇದ್ದದ್ದು 11.7 ಆಗುತ್ತದೆ. ಚಿಂತೆಯಿಲ್ಲ. ಅದೇ ಪ್ಯಾಕ್ ಹಳೆಯದಾಗಿ ಪ್ರತಿ ಸೆಲ್ 20 ಮಿಲಿಓಮ್ ಆಯಿತೆನ್ನಿ. ಈಗ ನಷ್ಟ 3.6 ವೋಲ್ಟ್. ಪೂರ್ತಿ ತುಂಬಿದ ಬ್ಯಾಟರಿಯೂ 9.0ಕ್ಕೆ ಇಳಿಯುತ್ತದೆ. ಸೆಲ್‌ಗೆ 3.2ರಂತೆ ಕಟಾಫ್ ಇಟ್ಟಿದ್ದರೆ ಇಎಸ್‌ಸಿ 9.6ಕ್ಕೇ ಮೋಟಾರ್ ನಿಲ್ಲಿಸಿರುತ್ತದೆ. ಮೋಟಾರ್ ನಿಂತ ಕೂಡಲೇ ಹೊರೆ ಹೋಯಿತು, ವೋಲ್ಟೇಜ್ ಮೇಲೆದ್ದಿತು. ದಡಕ್ಕೆ ತಂದು ಅಳೆದರೆ ಕಾಣುವುದು ಈ ಮೇಲೆದ್ದ ವೋಲ್ಟೇಜ್. ಇಲ್ಲಿ ಇಎಸ್‌ಸಿ ತನ್ನ ಕೆಲಸವನ್ನು ಸರಿಯಾಗಿಯೇ ಮಾಡಿದೆ.

ಅಳೆಯುವ ಕ್ರಮ:

1. ಬ್ಯಾಟರಿಯನ್ನು ಬ್ಯಾಲೆನ್ಸ್ ಮೋಡ್‌ನಲ್ಲಿ ಪೂರ್ತಿ ಚಾರ್ಜ್ ಮಾಡಿ. ವೇಗ 1ಸಿ ಸಾಕು, ಅಂದರೆ 5000 ಎಂಎಎಚ್ (ಮಿಲಿಆಂಪ್ ಗಂಟೆ) ಪ್ಯಾಕ್‌ಗೆ 5 ಆಂಪ್. ಚಾರ್ಜ್ ಮುಗಿದ ಒಂದು ಗಂಟೆಯ ನಂತರ ಪ್ರತಿ ಸೆಲ್ ಅಳೆಯಿರಿ. ಒಂದು ಸೆಲ್ ಉಳಿದವಕ್ಕಿಂತ 0.03 ವೋಲ್ಟ್‌ಗಿಂತ ಹೆಚ್ಚು ಕೆಳಗಿಳಿದಿದ್ದರೆ ಆ ಸೆಲ್ ಮೇಲೆ ಕಣ್ಣಿಡಿ.

2. ಚಾರ್ಜರ್‌ನಲ್ಲಿ ಸೆಲ್‌ಗಳ ರೋಧ ಓದಿ. ಬೇರೆ ಬೇರೆ ಚಾರ್ಜರ್ ಬೇರೆ ಬೇರೆ ಅಂಕಿ ತೋರಿಸುತ್ತವೆ, ಬ್ಯಾಟರಿ ತಣ್ಣಗಿದ್ದರೆ ಅಂಕಿ ಏರುತ್ತದೆ. ಹಾಗಾಗಿ ಅಂಕಿಗಿಂತ ಸೆಲ್‌ಗಳ ನಡುವಿನ ವ್ಯತ್ಯಾಸ ಮುಖ್ಯ. ಎರಡು ಸೆಲ್ 5, ಮೂರನೆಯದು 12 ತೋರಿಸಿದರೆ ಆ ಪ್ಯಾಕನ್ನು ವೇಗದ ದೋಣಿಗೆ ಬಳಸುವ ಕಾಲ ಮುಗಿಯಿತು.

3. ವಾಟ್‌ಮೀಟರ್ ಹಾಕಿ ದೋಣಿಯನ್ನು ನೀರಿನಲ್ಲಿ 15ರಿಂದ 20 ಸೆಕೆಂಡ್ ಪೂರ್ತಿ ಥ್ರಾಟಲ್‌ನಲ್ಲಿ ಓಡಿಸಿ ದಡಕ್ಕೆ ತನ್ನಿ. ಮೀಟರಿನಲ್ಲಿ ಉಳಿದಿರುವ ಅತಿ ಕಡಿಮೆ ವೋಲ್ಟೇಜ್ ಮತ್ತು ಅತಿ ಹೆಚ್ಚು ಆಂಪ್ ಬರೆದುಕೊಳ್ಳಿ. ಬ್ಯಾಟರಿ ಕಳಚಿದರೆ ಅಂಕಿಗಳು ಅಳಿಸಿಹೋಗುವ ಮೀಟರ್‌ಗಳೇ ಹೆಚ್ಚು. ತುಂಬಿದ ಪ್ಯಾಕ್ ಸೆಲ್‌ಗೆ 3.5 ವೋಲ್ಟ್‌ಗಿಂತ ಕೆಳಗಿಳಿದಿದ್ದರೆ ಬ್ಯಾಟರಿ ದುರ್ಬಲವಾಗಿದೆ, ಇಲ್ಲವೇ ದೋಣಿ ಅದರ ಶಕ್ತಿಗೆ ಮೀರಿ ಎಳೆಯುತ್ತಿದೆ.

ದೋಣಿಯನ್ನು ಹಗ್ಗ ಕಟ್ಟಿ ಹಿಡಿದು ಪರೀಕ್ಷಿಸುವ ರೂಢಿ ಇದೆ. ನಿಧಾನವಾಗಿ ಸಾಗುವ ಟಗ್, ಹಡಗಿನ ಮಾದರಿಗಳಿಗೆ ಇದು ಸರಿ. ವೇಗದ ದೋಣಿಗೆ ಬೇಡ. ಓಡುವಾಗ ಅದರ ಪ್ರೊಪೆಲ್ಲರ್ ಅರ್ಧ ನೀರಿನಿಂದ ಮೇಲಿರುತ್ತದೆ. ಕಟ್ಟಿ ಹಿಡಿದಾಗ ಪೂರ್ತಿ ಮುಳುಗಿ, ಓಡುವಾಗಿನದಕ್ಕಿಂತ ಬಹಳ ಹೆಚ್ಚು ಆಂಪ್ ಎಳೆಯುತ್ತದೆ. ಪರೀಕ್ಷೆಯೇ ಇಎಸ್‌ಸಿಯನ್ನು ಸುಟ್ಟೀತು.

ಇನ್ನೊಂದು ಅಪಾಯವಿದೆ. ಹೆಚ್ಚಿನ ಇಎಸ್‌ಸಿಗಳಿಗೆ ಪ್ಯಾಕಿನ ಒಟ್ಟು ವೋಲ್ಟೇಜ್ ಮಾತ್ರ ಕಾಣುತ್ತದೆ, ಒಂದೊಂದು ಸೆಲ್ ಕಾಣುವುದಿಲ್ಲ. ಎರಡು ಸೆಲ್ 3.6, ಮೂರನೆಯದು 2.6 ಇದ್ದರೆ ಒಟ್ಟು 9.8; 9.6ರ ಕಟಾಫ್‌ಗೆ ಎಲ್ಲವೂ ಸರಿಯಿದ್ದಂತೆ ತೋರುತ್ತದೆ. ದುರ್ಬಲ ಸೆಲ್ ಮಾತ್ರ 3 ವೋಲ್ಟ್‌ಗಿಂತ ಕೆಳಗೆ ನರಳುತ್ತಿರುತ್ತದೆ, ಬಿಸಿಯಾಗಿ ಉಬ್ಬುತ್ತದೆ. ಓಟ ಮುಗಿದ ಕೂಡಲೇ ಪ್ರತಿ ಸೆಲ್ ನೋಡುವ ಅಭ್ಯಾಸ ಇದಕ್ಕಾಗಿಯೇ ಬೇಕು.

ಕಟಾಫ್ ಬರುವವರೆಗೆ ಓಡಿಸುವ ಬದಲು ಟ್ರಾನ್ಸ್‌ಮಿಟರ್‌ನಲ್ಲಿ ಟೈಮರ್ ಇಡಿ. 5000 ಎಂಎಎಚ್ ಪ್ಯಾಕ್, ಸರಾಸರಿ 60 ಆಂಪ್ ಎಂದರೆ ಪೂರ್ತಿ ಬರಿದಾಗಲು 5 ನಿಮಿಷ. 80 ಶೇಕಡಕ್ಕೆ ನಿಲ್ಲಿಸಬೇಕು, ಅಂದರೆ 4 ನಿಮಿಷ. ಮೊದಲ ಸಲ 3ಕ್ಕೆ ಇಟ್ಟು, ಮರುಚಾರ್ಜ್‌ನಲ್ಲಿ ಎಷ್ಟು ಎಂಎಎಚ್ ಹೋಯಿತು ನೋಡಿ ಸರಿಪಡಿಸಿಕೊಳ್ಳಿ.

ತಕ್ಷಣ ಕೈಬಿಡಬೇಕಾದ ಬ್ಯಾಟರಿ: ಉಬ್ಬಿದ್ದು, ಸಿಹಿ ವಾಸನೆ ಬರುತ್ತಿರುವುದು, ಹೊದಿಕೆ ಹರಿದದ್ದು, ಒಳಗೆ ನೀರು ಹೊಕ್ಕಿದ್ದು, ಯಾವುದೇ ಸೆಲ್ 2.5 ವೋಲ್ಟ್‌ಗಿಂತ ಕೆಳಗಿಳಿದು ಹಾಗೆಯೇ ಉಳಿದದ್ದು. ಇಂಥದ್ದನ್ನು ಚಾರ್ಜ್ ಮಾಡಿ ಬದುಕಿಸಲು ಹೋಗಬೇಡಿ. ಲಿಪೋ ಬೆಂಕಿ ನಿಮಿಷಗಳ ನಂತರವೂ ಹೊತ್ತಿಕೊಳ್ಳಬಹುದು. ಒಳ್ಳೆಯ ಬ್ಯಾಟರಿಯನ್ನಾದರೂ ದೋಣಿಯೊಳಗೆ ಇಟ್ಟು ಚಾರ್ಜ್ ಮಾಡಬೇಡಿ. ಓಟದ ನಂತರ ಚಾರ್ಜ್ ಮಾಡುವ ಮೊದಲು ಬ್ಯಾಟರಿ ಕೈಗೆ ತಣ್ಣಗೆನಿಸುವವರೆಗೆ ಕಾಯಿರಿ.

## ಹಂತ 3: ಕನೆಕ್ಟರ್ ಮತ್ತು ಬೆಸುಗೆ

ಕೆಟ್ಟ ಬೆಸುಗೆಯ ರೋಧ 5 ಮಿಲಿಓಮ್ ಇದ್ದರೆ ಸಾಮಾನ್ಯ ಮಲ್ಟಿಮೀಟರ್ ಅದನ್ನು ಸೊನ್ನೆ ಎಂದೇ ತೋರಿಸುತ್ತದೆ. ಆದರೆ 60 ಆಂಪ್ ಹರಿದಾಗ ಆ ಒಂದೇ ಚುಕ್ಕೆಯಲ್ಲಿ 18 ವಾಟ್ ಶಾಖ ಹುಟ್ಟುತ್ತದೆ. ಸಣ್ಣ ಸಾಲ್ಡರಿಂಗ್ ಐರನ್ನಿನಷ್ಟೇ ಬಿಸಿ! ಆದ್ದರಿಂದ ಇದನ್ನು ರೋಧದಿಂದಲ್ಲ, ಶಾಖದಿಂದ ಹುಡುಕಬೇಕು: ಒಂದು ನಿಮಿಷ ಓಡಿಸಿ, ದಡಕ್ಕೆ ಬಂದ ಕೂಡಲೇ ಬ್ಯಾಟರಿ ಕಳಚಿ, ಪ್ರತಿ ಕನೆಕ್ಟರ್ ಮೇಲೆ ಥರ್ಮಾಮೀಟರ್ ಹಿಡಿಯಿರಿ. ತಂತಿಗಿಂತ ಕನೆಕ್ಟರ್ ಹೆಚ್ಚು ಬಿಸಿಯಿದ್ದರೆ ದೋಷ ಅಲ್ಲಿಯೇ ಇದೆ.

ಪ್ಲಾಸ್ಟಿಕ್ ಕರಗಿದ ಗುರುತು, ಕಪ್ಪಾದ ಪಿನ್, ಹಸಿರು ಕಿಲುಬು, ಸಡಿಲವಾಗಿ ಜಾರುವ ಬುಲೆಟ್ (ದುಂಡನೆಯ ಕನೆಕ್ಟರ್), ಮಂಕಾಗಿ ಹರಳುಹರಳಾಗಿ ಕಾಣುವ ಬೆಸುಗೆ ಇವೆಲ್ಲ ಎಚ್ಚರಿಕೆಯ ಚಿಹ್ನೆಗಳು. ಹಳೆಯ ಬಿಳಿ ತಾಮಿಯಾ ಮಾದರಿಯ ಕನೆಕ್ಟರ್ ಸಣ್ಣ ಬ್ರಷ್ಡ್ ಮೋಟಾರಿಗೆ ಸಾಕು, ಬ್ರಷ್‌ಲೆಸ್ ದೋಣಿಯಲ್ಲಿ ಅದನ್ನು ಉಳಿಸಬೇಡಿ. 60 ಆಂಪ್‌ವರೆಗೆ ಎಕ್ಸ್‌ಟಿ60, ಅದಕ್ಕಿಂತ ಮೇಲೆ ಎಕ್ಸ್‌ಟಿ90 ಅಥವಾ 5.5 ಮಿಲಿಮೀಟರ್ ಬುಲೆಟ್ ಹಾಕಿ. 4ಎಸ್ ಮತ್ತು ಮೇಲಿನ ಪ್ಯಾಕ್ ಜೋಡಿಸುವಾಗ ಚಟ್ ಎಂದು ಕಿಡಿ ಹಾರಿ ಪಿನ್ ಸವೆಯುತ್ತದೆ. ಕಿಡಿ ತಡೆಯುವ ಎಕ್ಸ್‌ಟಿ90-ಎಸ್ ಇದಕ್ಕೆಂದೇ ಇದೆ.

ಬೆಸುಗೆ ಹಾಕುವಾಗ ಕನೆಕ್ಟರಿಗೆ ಅದರ ಜೋಡಿ ಕನೆಕ್ಟರನ್ನು ಸಿಕ್ಕಿಸಿಟ್ಟರೆ ಪಿನ್ ಬಿಸಿಗೆ ವಾಲುವುದಿಲ್ಲ. ತಂತಿ ಮತ್ತು ಪಿನ್ ಎರಡಕ್ಕೂ ಮೊದಲು ಬೇರೆಬೇರೆಯಾಗಿ ಸೀಸ ಹಿಡಿಸಿ, ಆಮೇಲೆ ಕೂಡಿಸಿ.

ತಂತಿಯ ಉದ್ದದ ಬಗ್ಗೆ ಒಂದು ಮಾತು. ಬ್ಯಾಟರಿ ದೂರವಾಯಿತೆಂದು ಬ್ಯಾಟರಿ ಮತ್ತು ಇಎಸ್‌ಸಿ ನಡುವಿನ ತಂತಿಯನ್ನು ಉದ್ದ ಮಾಡುವುದು ಕೆಟ್ಟ ಅಭ್ಯಾಸ. ಆ ತಂತಿ ಉದ್ದವಾದಷ್ಟೂ ಇಎಸ್‌ಸಿಯ ಕೆಪಾಸಿಟರ್‌ಗಳ ಮೇಲೆ ವೋಲ್ಟೇಜಿನ ಏರಿಳಿತ ಹೆಚ್ಚುತ್ತದೆ, ಅವು ಬಿಸಿಯಾಗಿ ತಲೆ ಉಬ್ಬಿ ಒಡೆಯುತ್ತವೆ, ಬೆನ್ನಿಗೇ ಇಎಸ್‌ಸಿ ಸುಡುತ್ತದೆ. ಉದ್ದ ಬೇಕೇಬೇಕಾದರೆ ಮೋಟಾರ್ ಕಡೆಯ ಮೂರು ತಂತಿಗಳನ್ನು ಉದ್ದ ಮಾಡಿ.

## ಹಂತ 4: ಇಎಸ್‌ಸಿ ಸೆಟ್ಟಿಂಗ್

ಮೊದಲು ಥ್ರಾಟಲ್ ಟ್ರಿಮ್ (ಟ್ರಾನ್ಸ್‌ಮಿಟರ್‌ನಲ್ಲಿ ನ್ಯೂಟ್ರಲನ್ನು ತುಸು ಸರಿಸುವ ಹೊಂದಿಕೆ) ಸೊನ್ನೆಗೆ ತನ್ನಿ, ನಂತರ ಕೈಪಿಡಿಯಲ್ಲಿ ಹೇಳಿರುವಂತೆ ಥ್ರಾಟಲ್ ವ್ಯಾಪ್ತಿಯನ್ನು ಇಎಸ್‌ಸಿಗೆ ಕಲಿಸಿ. ಟ್ರಾನ್ಸ್‌ಮಿಟರ್ ಬದಲಿಸಿದಾಗಲೂ ಎಂಡ್ ಪಾಯಿಂಟ್ (ಥ್ರಾಟಲ್ ಸಿಗ್ನಲ್‌ನ ತುದಿಯ ಮಿತಿ) ಬದಲಿಸಿದಾಗಲೂ ಇದನ್ನು ಮತ್ತೆ ಮಾಡಬೇಕು. ಯಾವಾಗಲೂ ಮೊದಲು ಟ್ರಾನ್ಸ್‌ಮಿಟರ್, ನಂತರ ದೋಣಿ ಆನ್. ಆಫ್ ಮಾಡುವಾಗ ಮೊದಲು ದೋಣಿ.

ಬ್ಯಾಟರಿ ಬಗೆಯ ಸೆಟ್ಟಿಂಗ್ ನೋಡಿ. ನಿಕಲ್ ಮೆಟಲ್ ಹೈಡ್ರೈಡ್ ಎಂದಿಟ್ಟು ಲಿಪೋ ಹಾಕಿದರೆ ಕಟಾಫ್ ತೀರ ಕೆಳಗೆ ಬಂದು ಬ್ಯಾಟರಿ ಹಾಳಾಗುತ್ತದೆ. ಲಿಪೋ ಎಂದಿಟ್ಟು ನಿಕಲ್ ಪ್ಯಾಕ್ ಹಾಕಿದರೆ ಅರ್ಧ ಚಾರ್ಜ್ ಉಳಿದಿರುವಾಗಲೇ ದೋಣಿ ನಿಲ್ಲಬಹುದು.

ಸೆಲ್ ಎಣಿಕೆಯನ್ನು ಇಎಸ್‌ಸಿಗೇ ಬಿಟ್ಟರೆ ಅರ್ಧ ಖಾಲಿ ಪ್ಯಾಕ್ ಅದನ್ನು ದಾರಿ ತಪ್ಪಿಸುತ್ತದೆ. ಸೆಲ್‌ಗೆ 3.5 ಉಳಿದ 6ಎಸ್ ಪ್ಯಾಕ್ 21.0 ವೋಲ್ಟ್, ಪೂರ್ತಿ ತುಂಬಿದ 5ಎಸ್ ಕೂಡ 21.0. ಇಎಸ್‌ಸಿ ಇದನ್ನು 5ಎಸ್ ಎಂದುಕೊಂಡರೆ 16.0ಕ್ಕೆ ಕಟಾಫ್ ಮಾಡುತ್ತದೆ, ಅಷ್ಟರಲ್ಲಿ ನಿಮ್ಮ ಸೆಲ್‌ಗಳು 2.7ಕ್ಕಿಂತ ಕೆಳಗಿರುತ್ತವೆ. ಪ್ರತಿ ಸಲ ಪೂರ್ತಿ ತುಂಬಿದ ಪ್ಯಾಕನ್ನೇ ಜೋಡಿಸಿ, ಬೀಪ್ ಎಣಿಸಿ. ಸಾಧ್ಯವಿದ್ದರೆ ಸೆಲ್ ಸಂಖ್ಯೆಯನ್ನು ಕೈಯಿಂದಲೇ ನಮೂದಿಸಿ.

## ಹಂತ 5: ತಂಪು ನೀರಿನ ದಾರಿ

ನೀರಿನಿಂದ ತಣಿಯುವ ಇಎಸ್‌ಸಿಯಲ್ಲಿ ದೋಣಿ ಓಡುವಾಗ ಪಕ್ಕದ ರಂಧ್ರದಿಂದ ನೀರಿನ ಧಾರೆ ಚಿಮ್ಮಬೇಕು. ತೊಟ್ಟಿಕ್ಕಿದರೆ ಸಾಲದು. ಧಾರೆ ಕಾಣದಿದ್ದರೆ ಪಿಕಪ್ (ನೀರು ಒಳಬರುವ ಕೊಳವೆ) ಬಾಯಿಗೆ ಸಿರಿಂಜ್‌ನಿಂದ ನೀರು ಒತ್ತಿ ನೋಡಿ, ಸಲೀಸಾಗಿ ಹೊರಬರಬೇಕು. ಪಾಚಿ, ಮರಳು, ಮುಚ್ಚಳ ಹಾಕುವಾಗ ಮಡಿಚಿಕೊಂಡ ಸಿಲಿಕೋನ್ ಕೊಳವೆ, ಇವೇ ಸಾಮಾನ್ಯ ಕಾರಣಗಳು. ತಿರುವಿನಲ್ಲಿ ಕೊಳವೆಯೊಳಗೆ ಸಣ್ಣ ಸ್ಪ್ರಿಂಗ್ ತೂರಿಸಿದರೆ ಮಡಿಚುವುದಿಲ್ಲ.

ಓಟದ ನಂತರ ಇಎಸ್‌ಸಿ 70 ಡಿಗ್ರಿ ಸೆಲ್ಸಿಯಸ್, ಮೋಟಾರ್ 80, ಬ್ಯಾಟರಿ 60 ಮುಟ್ಟಿದ್ದರೆ ಅಂದಿನ ಓಟ ಅಲ್ಲಿಗೇ ನಿಲ್ಲಿಸಿ. ಹೊರಗಿನ ಕವಚಕ್ಕಿಂತ ಒಳಭಾಗ ಇನ್ನೂ ಬಿಸಿಯಿರುತ್ತದೆ.

ಅರ್ಧ ಥ್ರಾಟಲ್‌ನಲ್ಲಿ ಓಡಿಸಿದರೆ ಇಎಸ್‌ಸಿಗೆ ಆರಾಮ ಎಂಬ ನಂಬಿಕೆ ಪೂರ್ತಿ ನಿಜವಲ್ಲ. ನಿಧಾನ ವೇಗದಲ್ಲಿ ಪಿಕಪ್‌ಗೆ ನೀರಿನ ಒತ್ತಡವೇ ಸಿಗುವುದಿಲ್ಲ, ವೇಗದ ದೋಣಿ ನೀರಿನ ಮೇಲೇಳದೆ ಅದನ್ನು ಉತ್ತುಕೊಂಡೇ ಸಾಗುತ್ತದೆ. ಶಾಖ ಹುಟ್ಟುತ್ತಲೇ ಇರುತ್ತದೆ, ಹೋಗುವ ದಾರಿ ಇರುವುದಿಲ್ಲ.

## ಹಂತ 6: ಶಾಫ್ಟ್ ಮತ್ತು ಪ್ರೊಪೆಲ್ಲರ್

ಇಎಸ್‌ಸಿ ಸುಟ್ಟಿದ್ದರೆ ಹೊಸದನ್ನು ಹಾಕುವ ಮೊದಲು ಈ ಹಂತ ಮುಗಿಸಲೇಬೇಕು.

ಬ್ಯಾಟರಿ ಕಳಚಿ, ಶಾಫ್ಟನ್ನು ಮೋಟಾರಿನಿಂದ ಬಿಡಿಸಿ ಬೆರಳಿನಿಂದ ತಿರುಗಿಸಿ. ಎಲ್ಲೂ ಹಿಡಿಯಬಾರದು. ಹಿಡಿದರೆ ಶಾಫ್ಟ್ ಹೊರಗೆಳೆದು ಒರೆಸಿ, ತುಕ್ಕು ಅಥವಾ ಬಾಗು ಇದೆಯೇ ನೋಡಿ, ನೀರಿಗೆ ತೊಳೆದುಹೋಗದ ಮರೈನ್ ಗ್ರೀಸ್ ಹಚ್ಚಿ. ಪ್ರೊಪೆಲ್ಲರ್ ಬುಡದಲ್ಲಿ ಕೂದಲು, ಮೀನಿನ ಗಾಳದ ದಾರ, ಪಾಚಿ ಸುತ್ತಿರುವುದು ತುಂಬಾ ಸಾಮಾನ್ಯ. ಬಾಗುವ ಕೇಬಲ್ ಶಾಫ್ಟ್ ಇರುವ ದೋಣಿಯಲ್ಲಿ ಪ್ರೊಪೆಲ್ಲರ್ ಕಡೆಯ ಡ್ರೈವ್ ಡಾಗ್ (ಪ್ರೊಪೆಲ್ಲರನ್ನು ಹಿಡಿದು ತಿರುಗಿಸುವ ತುಂಡು) ಮತ್ತು ಅದರ ಮುಂದಿನ ಸ್ಟ್ರಟ್ (ಶಾಫ್ಟ್ ಹಿಡಿಯುವ ಆಧಾರ) ನಡುವೆ ಒಂದೆರಡು ಮಿಲಿಮೀಟರ್ ಅಂತರ ಬೇಕು. ಹೊರೆ ಬಿದ್ದಾಗ ಕೇಬಲ್ ಗಿಡ್ಡವಾಗುತ್ತದೆ, ಅಂತರವಿಲ್ಲದಿದ್ದರೆ ಅಲ್ಲಿಯೇ ಉಜ್ಜಿ ಬ್ರೇಕ್ ಹಿಡಿದಂತಾಗುತ್ತದೆ.

ಪ್ರೊಪೆಲ್ಲರ್ ಅಳತೆಯನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಆಕಾರ ಒಂದೇ ಇದ್ದು ಸುತ್ತಿನ ವೇಗವೂ ಅಷ್ಟೇ ಇದ್ದರೆ, ಮುಳುಗಿದ ಪ್ರೊಪೆಲ್ಲರ್ ಬೇಡುವ ಶಕ್ತಿ ವ್ಯಾಸದ ಐದನೇ ಘಾತಕ್ಕೆ ತಕ್ಕಂತೆ ಏರುತ್ತದೆ. 40 ಮಿಲಿಮೀಟರ್ ತೆಗೆದು 42 ಹಾಕಿದಿರಿ: ವ್ಯಾಸ 5 ಶೇಕಡ ಹೆಚ್ಚು, ಶಕ್ತಿ ಸುಮಾರು 28 ಶೇಕಡ ಹೆಚ್ಚು. ಸೆಲ್ ಸಂಖ್ಯೆ ಏರಿಸಿದಾಗಲೂ ಹೀಗೆಯೇ, ಏಕೆಂದರೆ ಸುತ್ತಿನ ವೇಗದ ಘನಕ್ಕೆ ತಕ್ಕಂತೆ ಶಕ್ತಿ ಬೇಕಾಗುತ್ತದೆ. 3ಎಸ್ ಬದಲು 4ಎಸ್ ಹಾಕುವವರು ಪ್ರೊಪೆಲ್ಲರನ್ನು ಚಿಕ್ಕದು ಮಾಡಲೇಬೇಕು. ಇಎಸ್‌ಸಿ ಮೇಲೆ ಬರೆದ ನಿರಂತರ ಆಂಪ್‌ನ 70 ಶೇಕಡ ದಾಟದಂತೆ ವಾಟ್‌ಮೀಟರ್ ನೋಡಿಕೊಂಡು ಪ್ರೊಪೆಲ್ಲರ್ ಆರಿಸುವುದು ನಮ್ಮ ಸಲಹೆ.

## ಹಂತ 7: ರಿಸೀವರ್‌ಗೆ ಹೋಗುವ ವಿದ್ಯುತ್

ಇಎಸ್‌ಸಿಯೊಳಗಿನ ಬಿಇಸಿ (ಬ್ಯಾಟರಿಯ ವೋಲ್ಟೇಜನ್ನು ಇಳಿಸಿಕೊಡುವ ಭಾಗ) ರಿಸೀವರ್‌ಗೂ ರಡ್ಡರ್ ತಿರುಗಿಸುವ ಸರ್ವೋಗೂ 5 ಅಥವಾ 6 ವೋಲ್ಟ್ ಕೊಡುತ್ತದೆ. ರಿಸೀವರಿನ ಖಾಲಿ ಚಾನೆಲ್‌ನಲ್ಲಿ ಮಲ್ಟಿಮೀಟರ್ ಇಟ್ಟು, ರಡ್ಡರನ್ನು ಎಡಕ್ಕೂ ಬಲಕ್ಕೂ ರಭಸದಿಂದ ಆಡಿಸಿ. 5 ವೋಲ್ಟ್‌ನದು 4.5ಕ್ಕಿಂತ ಕೆಳಗೆ ಕುಸಿದರೆ ರಡ್ಡರ್ ಕಡ್ಡಿ ಎಲ್ಲೋ ಸಿಕ್ಕಿಕೊಳ್ಳುತ್ತಿದೆ, ಇಲ್ಲವೇ ಸರ್ವೋ ಹಸಿವಿಗೆ ಬಿಇಸಿ ಸಾಲುತ್ತಿಲ್ಲ. ಕಡ್ಡಿ ಸಡಿಲಿಸಿ ಮತ್ತೆ ಅಳೆದರೆ ಯಾವುದೆಂದು ತಿಳಿಯುತ್ತದೆ.

ಪ್ರತ್ಯೇಕ ಬಿಇಸಿ ಹಾಕಿದರೆ ಇಎಸ್‌ಸಿಯಿಂದ ರಿಸೀವರ್‌ಗೆ ಬರುವ ಕೆಂಪು ತಂತಿಯ ಪಿನ್ ತೆಗೆದು ಟೇಪ್ ಸುತ್ತಿಡಿ. ಎರಡು ಮೋಟಾರ್, ಎರಡು ಇಎಸ್‌ಸಿ ಇರುವ ದೋಣಿಯಲ್ಲೂ ಒಂದರ ಕೆಂಪು ತಂತಿಯನ್ನು ಬಿಡಿಸಬೇಕು. ಕಪ್ಪು ತಂತಿ ಬಿಡಿಸಬಾರದು, ಸಿಗ್ನಲ್‌ಗೆ ಅದು ಬೇಕು.

ಬ್ರಷ್ಡ್ ಮೋಟಾರಿದ್ದು, ಥ್ರಾಟಲ್ ಕೊಟ್ಟಾಗ ಸರ್ವೋ ನಡುಗಿದರೆ 0.1 ಮೈಕ್ರೋಫ್ಯಾರಡ್‌ನ ಮೂರು ಸೆರಾಮಿಕ್ ಕೆಪಾಸಿಟರ್ ಹಾಕಿ: ಎರಡು ಟರ್ಮಿನಲ್ ನಡುವೆ ಒಂದು, ಪ್ರತಿ ಟರ್ಮಿನಲ್‌ನಿಂದ ಮೋಟಾರ್ ಕವಚಕ್ಕೆ ಒಂದೊಂದು. 2.4 ಗಿಗಾಹರ್ಟ್ಸ್ ರಿಸೀವರಿನ ಆಂಟೆನಾ ತುದಿ ನೀರಿನ ಮಟ್ಟಕ್ಕಿಂತ ಮೇಲೆಯೇ ಇರಲಿ. ನೀರು ಆ ತರಂಗವನ್ನು ನುಂಗಿಬಿಡುತ್ತದೆ. ಸಿಗ್ನಲ್ ಕಡಿದಾಗ ಮೋಟಾರ್ ನಿಲ್ಲುವಂತೆ ಫೇಲ್‌ಸೇಫ್ ಇಟ್ಟು, ದಡದಲ್ಲಿ ಪ್ರೊಪೆಲ್ಲರ್ ತೆಗೆದು, ಟ್ರಾನ್ಸ್‌ಮಿಟರ್ ಆಫ್ ಮಾಡಿ ಪರೀಕ್ಷಿಸಿ.

## ಹಂತ 8: ಈಗ ಇಎಸ್‌ಸಿ, ಮೋಟಾರ್

ಬ್ಯಾಟರಿ ಕಳಚಿ ಒಂದೆರಡು ನಿಮಿಷ ಬಿಡಿ, ಕೆಪಾಸಿಟರ್ ಬರಿದಾಗಲಿ. ಮೋಟಾರ್ ತಂತಿಗಳನ್ನೂ ಬಿಡಿಸಿ. ಮಲ್ಟಿಮೀಟರನ್ನು ಓಮ್‌ಗೆ ತಿರುಗಿಸಿ, ಇಎಸ್‌ಸಿಯ ಮೂರು ಮೋಟಾರ್ ತಂತಿಗಳಿಂದ ಬ್ಯಾಟರಿಯ ಕೆಂಪು ತಂತಿಗೆ ಒಂದೊಂದಾಗಿ, ಆಮೇಲೆ ಕಪ್ಪು ತಂತಿಗೆ ಒಂದೊಂದಾಗಿ, ಒಟ್ಟು ಆರು ಅಳತೆ ತೆಗೆಯಿರಿ. ಮೂರೂ ತಂತಿಗಳ ಅಂಕಿ ಹೆಚ್ಚುಕಡಿಮೆ ಒಂದೇ ಆಗಿರಬೇಕು. ಯಾವುದಾದರೂ ಸೊನ್ನೆಯ ಹತ್ತಿರ ಬಂದರೆ ಆ ಭಾಗದ ಮಾಸ್ಫೆಟ್ (ಮೋಟಾರಿನ ವಿದ್ಯುತ್ತನ್ನು ಆನ್-ಆಫ್ ಮಾಡುವ ಟ್ರಾನ್ಸಿಸ್ಟರ್) ಸುಟ್ಟಿದೆ. ಇಂಥ ಇಎಸ್‌ಸಿಗೆ ಮತ್ತೆ ಬ್ಯಾಟರಿ ಜೋಡಿಸಬೇಡಿ.

ಬ್ರಷ್‌ಲೆಸ್ ಮೋಟಾರಿಗೆ ಕೈಪರೀಕ್ಷೆಯೇ ಸಾಕು. ಮೂರು ತಂತಿಗಳನ್ನೂ ಒಂದಕ್ಕೊಂದು ತಾಕದಂತೆ ಬಿಟ್ಟು ತಿರುಗಿಸಿದರೆ ಅಯಸ್ಕಾಂತದ ಸಣ್ಣ ಕಚಗುಳಿ ಮಾತ್ರ ಬೆರಳಿಗೆ ತಿಳಿಯಬೇಕು. ಯಾವುದೇ ಎರಡನ್ನು ಕೂಡಿಸಿದರೆ ತಿರುಗಿಸುವುದು ಬಿಗಿಯಾಗುತ್ತದೆ. ಮೂರು ಜೋಡಿಗಳಲ್ಲೂ ಬಿಗಿ ಸಮನಾಗಿರಬೇಕು. ಕೂಡಿಸುವ ಮೊದಲೇ ಬಿಗಿಯಿದ್ದರೆ ಸುರುಳಿ ಒಳಗೆ ಶಾರ್ಟ್ ಆಗಿರಬಹುದು, ಬೇರಿಂಗ್ ಕೂಡ ನೋಡಿ. ಒಂದು ಜೋಡಿಯಲ್ಲಿ ಬಿಗಿಯೇ ಇಲ್ಲದಿದ್ದರೆ ಆ ದಾರಿ ಕಡಿದಿದೆ.

ಒಳಗೆ ನೀರು ಹೊಕ್ಕಿದ್ದರೆ ಒಣಗಿಸುವುದಷ್ಟೇ ಸಾಲದು. ಉಪ್ಪು ನೀರಾಗಿದ್ದರೆ ಮೊದಲು ಶುದ್ಧ ನೀರಿನಲ್ಲಿ ತೊಳೆದು, ಆಮೇಲೆ ಆಲ್ಕೊಹಾಲ್‌ನಲ್ಲಿ ಬ್ರಷ್ ಮಾಡಿ, ಒಂದು ದಿನ ಗಾಳಿಯಲ್ಲಿ ಬಿಡಿ. ಉಪ್ಪು ಉಳಿದರೆ ಅದೇ ತೇವ ಹೀರಿಕೊಂಡು ವಾರಗಳ ನಂತರ ಸರ್ಕ್ಯೂಟನ್ನು ತಿನ್ನುತ್ತದೆ.

## ಹಂತ 9: ಮರುಪರೀಕ್ಷೆ

ದುರಸ್ತಿಯಾದ ದೋಣಿಯನ್ನು ನೇರವಾಗಿ ಪೂರ್ತಿ ಓಟಕ್ಕೆ ಬಿಡಬೇಡಿ. ಮೊದಲು 30 ಸೆಕೆಂಡ್ ಓಡಿಸಿ ಇಎಸ್‌ಸಿ, ಮೋಟಾರ್, ಬ್ಯಾಟರಿ, ಕನೆಕ್ಟರ್ ನಾಲ್ಕರ ಬಿಸಿ ಬರೆದುಕೊಳ್ಳಿ. ನಂತರ 1 ನಿಮಿಷ, ಆಮೇಲೆ 2. ಪ್ರತಿ ಸಲವೂ ಒಂದೊಂದು ಸೆಲ್ ವೋಲ್ಟೇಜ್ ನೋಡಿ. 1 ನಿಮಿಷಕ್ಕೆ 45 ಡಿಗ್ರಿ ಇದ್ದ ಇಎಸ್‌ಸಿ 2 ನಿಮಿಷಕ್ಕೆ 48ರಲ್ಲಿ ನಿಂತರೆ ತಂಪು ಸಾಕಾಗುತ್ತಿದೆ. 60 ದಾಟಿ ಏರುತ್ತಲೇ ಇದ್ದರೆ ಚಿಕ್ಕ ಪ್ರೊಪೆಲ್ಲರ್ ಹಾಕಿ ಮತ್ತೆ 30 ಸೆಕೆಂಡಿನಿಂದ ಶುರುಮಾಡಿ.